ಕಿವಿ ಮಿಷನ್

ಪೇಂಟಿನವರು ಬರುವ ಮುಂಚೆ ಲಾಕಪ್ಪು ತೊಳೆದಿರಬೇಕು ಎಂದರು. ತೊಳೆಯುವವಳು ಇವಳೇ. ಠಾಣೆಯ ಕಸ ಗುಡಿಸುವುದು, ನೆಲ ಒರೆಸುವುದು, ಕಕ್ಕಸು ತೊಳೆಯುವುದು ಎಲ್ಲವೂ ಇವಳ ಪಾಲಿನ ಕೆಲಸ. ಓಣಿಯವರ ಬಾಯಲ್ಲಿ ಇವಳು ಠಾಣೆಯಕ್ಕ.

ಮೂಲೆಯಲ್ಲಿ ವಾಂತಿ ಒಣಗಿ ಚಕ್ಕೆಯಾಗಿತ್ತು. ಗೋಡೆಯ ಬುಡದಲ್ಲಿ ಉಚ್ಚೆ ಹರಿದು ಹಳದಿ ಗೆರೆ ಬಿದ್ದಿತ್ತು. ಅದಕ್ಕಿಂತ ಸ್ವಲ್ಪ ಮೇಲೆ, ಕೂತವನ ತಲೆ ತಗಲುವ ಎತ್ತರದಲ್ಲಿ, ಕಂದು ಕಲೆ. ಅವಳು ಆಸಿಡ್ ಸುರಿದಳು. ಹೊಗೆ ಎದ್ದು ಗಂಟಲು ಹಿಡಿಯಿತು. ಬ್ರಶ್ಶಿನಲ್ಲಿ ತಿಕ್ಕಿದಳು, ಆಮೇಲೆ ಕಲ್ಲಿನಲ್ಲಿ ತಿಕ್ಕಿದಳು. ಕೈಗವಸು ಯಾರೂ ಕೊಟ್ಟಿರಲಿಲ್ಲ. ಬೆರಳ ತುದಿ ಸುಲಿದು ಬೆಳ್ಳಗಾಯಿತು. ವಾಂತಿ ಹೋಯಿತು, ಉಚ್ಚೆ ಹೋಯಿತು. ಕಂದು ಕಲೆ ಹೋಗಲಿಲ್ಲ.

"ಬಿಡಮ್ಮ, ಅದರ ಮೇಲೆ ಬಣ್ಣ ಹೊಡೀತಾರೆ," ಎಂದ ಬಾಗಿಲಲ್ಲಿ ನಿಂತಿದ್ದ ಪೇದೆ. ಮೂಗಿಗೆ ಕರ್ಚೀಫು ಒತ್ತಿಕೊಂಡೇ ಮಾತಾಡುತ್ತಿದ್ದ.

ಆ ಲಾಕಪ್ಪಿನಲ್ಲಿ ಒಬ್ಬ ಸತ್ತಿದ್ದ. ಹೃದಯ ನಿಂತು ಸತ್ತ ಎಂದು ಠಾಣೆಯವರು ಹೇಳಿದರು. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ಜನ ನಂಬಲಿಲ್ಲ. ಕಲ್ಲು ಬಿದ್ದವು, ಕಿಟಕಿ ಒಡೆದವು, ಜೀಪು ಉರಿಯಿತು. ಹಳೆಯ ಇನ್ಸ್‌ಪೆಕ್ಟರನ್ನು ಎತ್ತಿ ಬೇರೆ ಕಡೆಗೆ ಹಾಕಿದರು. ಹೊಸ ಸಾಹೇಬ ಬಂದ. ಚಿಕ್ಕ ವಯಸ್ಸು, ಇಸ್ತ್ರಿ ಮುರಿಯದ ಬಟ್ಟೆ, ಮೆತ್ತನೆ ಮಾತು. ಬಂದವನೇ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದ: "ಈ ವರ್ಷ ನಾವು ಠಾಣೆಯನ್ನ ಹೊಸದಾಗಿ ಕಟ್ಟುತ್ತೇವೆ. ಬರೀ ಗೋಡೆ ಅಲ್ಲ. ಜನರ ನಂಬಿಕೆ."

ಅವಳು ಹಿಂದೆ, ಬಕೆಟ್ಟು ಹಿಡಿದು ನಿಂತಿದ್ದಳು. ಮುಂದಿನ ಸಾಲಿನಲ್ಲಿ ಅಗಲಗೈ ನಿಂತಿದ್ದ. ಅವನು ಹೆಡ್ ಕಾನ್ಸ್‌ಟೇಬಲ್. ಅವನ ನಿಜ ಹೆಸರು ಓಣಿಯಲ್ಲಿ ಯಾರಿಗೂ ನೆನಪಿಲ್ಲ. ಅವನ ಅಂಗೈ ಊಟದ ತಟ್ಟೆಯಷ್ಟು ಅಗಲ. ಅದರ ರುಚಿ ಕಂಡವರೇ ಆ ಹೆಸರಿಟ್ಟಿದ್ದು. ಸಾಹೇಬನ ಮಾತು ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನೂ ಅವನೇ.

ಅವಳು ಬಕೆಟ್ಟು ಎತ್ತಿಕೊಂಡು ಹಿಂದಕ್ಕೆ ಹೋದಳು.

ಅವಳ ಗಂಡ ಸಾಣೆಯವನು. ಸಾಣೆಚಕ್ರ ಹೆಗಲಿಗೇರಿಸಿ ಬೀದಿ ಬೀದಿ ಸುತ್ತಿ, ಮನೆಗಳ ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವನು. ಹಿಂದಿನ ವರ್ಷ ಒಂದು ದೊಡ್ಡ ಮನೆಯಲ್ಲಿ ಒಡವೆ ಕಾಣೆಯಾಯಿತು. ಆ ದಿನ ಆ ಮನೆಯ ಅಂಗಳದಲ್ಲಿ ಇವನು ಚಾಕು ಹರಿತ ಮಾಡಿದ್ದ. ಅಷ್ಟು ಸಾಕಾಯಿತು. ಹಿಡಿದು ತಂದರು. ಅಗಲಗೈ ಎದುರು ನಿಂತು, ಎರಡೂ ಅಂಗೈಗಳನ್ನು ಅಗಲಿಸಿ, ಎರಡೂ ಕಿವಿಗಳ ಮೇಲೆ ಒಟ್ಟಿಗೇ ಬಾರಿಸಿದ. ಮತ್ತೆ ಬಾರಿಸಿದ. ಆಗ ಅವಳು ಅದೇ ಠಾಣೆಯ ಹಿಂದಿನ ಕಕ್ಕಸಿನಲ್ಲಿ ಮಂಡಿಯೂರಿ ತಿಕ್ಕುತ್ತಿದ್ದಳು. "ನಾನಲ್ಲ ಸ್ವಾಮಿ, ನಾನಲ್ಲ ಸ್ವಾಮಿ" ಎಂಬ ಕೂಗು ಗೋಡೆ ದಾಟಿ ಬಂತು. ಗಂಡನ ದನಿ ಎಂದು ಗೊತ್ತಾಗುವಷ್ಟರಲ್ಲಿ ಕೂಗು ನಿಂತಿತ್ತು.

ಒಡವೆ ಆಮೇಲೆ ಮನೆಯೊಡತಿಯ ತಮ್ಮನ ಹತ್ತಿರವೇ ಸಿಕ್ಕಿತು. ಮನೆಯವರು ಮಾತು ಮುಚ್ಚಿಹಾಕಿದರು. ಸಾಣೆಯವನನ್ನು ಹೊರಗೆ ಬಿಟ್ಟರು. ಕಿವಿಯಿಂದ ರಕ್ತ ಒಸರುತ್ತಿತ್ತು. "ಹೋಗು, ಮತ್ತೆ ಈ ಕಡೆ ಕಾಣಿಸ್ಕೋಬೇಡ," ಎಂದರು. ಅವನು "ಏನು?" ಎಂದ. ಇನ್ನೊಂದು ಸಲ ಗದರಿದರು. ಅವನು ಮತ್ತೆ "ಏನು?" ಎಂದ.

ಅಂದಿನಿಂದ ಅವನಿಗೆ ಏನೂ ಕೇಳಿಸಲಿಲ್ಲ. ಸಾಣೆಯವನಿಗೆ ಕಿವಿಯೇ ದುಡಿಮೆ. ಮಹಡಿಯ ಕಿಟಕಿಯಿಂದ "ಏ ಸಾಣೆ, ಬಾರಪ್ಪ" ಎಂದು ಯಾರಾದರೂ ಕರೆದರೆ ನಿಲ್ಲಬೇಕು. ಇವನು ತನ್ನ ಪಾಡಿಗೆ ನಡೆದುಬಿಡುತ್ತಿದ್ದ. ಕರೆದವರು ಸೊಕ್ಕು ಎಂದುಕೊಂಡರು. ಹಿಂದಿನಿಂದ ಹಾರ್ನ್ ಹೊಡೆದ ಲಾರಿ ಒಮ್ಮೆ ಮೈ ಸವರಿಕೊಂಡೇ ಹೋಯಿತು. ತನ್ನ ದನಿ ತನಗೇ ಕೇಳದೆ ಅವನ ಮಾತು ಕೂಗಾಯಿತು. "ಉಪ್ಪು ಕಡಿಮೆ" ಎಂದರೆ ಪಕ್ಕದ ಮನೆಯವರಿಗೂ ಉಪ್ಪು ಕಡಿಮೆಯಾದದ್ದು ತಿಳಿಯುತ್ತಿತ್ತು. ಮಗಳು ಆಗಷ್ಟೇ ಮಾತು ಕಲಿಯುತ್ತಿದ್ದಳು. ಅವಳು "ಅಪ್ಪ" ಅಂದದ್ದನ್ನು ಇವನು ತುಟಿಯಲ್ಲಿ ನೋಡಿದ. ಕೇಳಲಿಲ್ಲ.

"ಅದೇ ಠಾಣೆಗೆ ಹೋಗಿ ಅದೇ ನೆಲ ಒರೆಸ್ತೀಯಲ್ಲ, ಹೇಗೆ ಮನಸ್ಸು ಬರುತ್ತೆ ನಿಂಗೆ?" ಎಂದು ಮೂಲೆಮನೆಯವಳು ಕೇಳಿದ್ದಳು. ಓಣಿಯ ಮೂಲೆಯ ಮನೆ ಅವಳದು. ಗಂಡ ಇಲ್ಲ, ಎರಡು ಮಕ್ಕಳಿವೆ.

"ಮನಸ್ಸು ಮನೇಲಿ ಬಿಟ್ಟು ಹೋಗ್ತೀನಿ. ಕೈ ತಗೊಂಡು ಹೋಗ್ತೀನಿ," ಎಂದಿದ್ದಳು ಇವಳು.

ಠಾಣೆ ದಿನೇ ದಿನೇ ಬದಲಾಯಿತು. ಗೋಡೆಗೆ ತಿಳಿನೀಲಿ ಬಣ್ಣ ಬಂತು. ನೆಲಕ್ಕೆ ಮುಖ ಕಾಣುವಂಥ ಟೈಲ್ಸ್ ಬಂತು. ಮರದ ಬಾಗಿಲು ಹೋಗಿ ಗಾಜಿನ ಬಾಗಿಲು ಬಂತು. "ನಮ್ಮಲ್ಲಿ ಮುಚ್ಚಿಡೋದು ಏನೂ ಇಲ್ಲ, ರಸ್ತೆಯಿಂದಲೇ ಎಲ್ಲ ಕಾಣಬೇಕು," ಎಂದ ಸಾಹೇಬ. ಗಾಜು ಇದ್ದದ್ದು ಮುಂಬಾಗಿಲಿಗೆ. ಒಳಗಿನ ಲಾಕಪ್ಪಿನ ದಾರಿಗೆ ಕಬ್ಬಿಣದ ಹೊಸ ಬಾಗಿಲು ಬಿತ್ತು. ಅದು ಹಳೆಯದಕ್ಕಿಂತ ದಪ್ಪ. ದೂರು ಕೊಡಲು ಬಂದವರು ಕೂರುವುದಕ್ಕೆ ಸೋಫಾ. ಹೆಂಗಸರಿಗೆ ಬೇರೆ ಕಕ್ಕಸು. ಅದನ್ನು ಅವಳು ಫಳಫಳ ಎನ್ನುವಂತೆ ತೊಳೆದಿಟ್ಟಳು. ಒಮ್ಮೆ ತಡೆಯಲಾರದೆ ಒಳಗೆ ಹೋಗಿ ಬಂದಳು. ಹೊರಗೆ ಅಗಲಗೈ ನಿಂತಿದ್ದ.

"ಇದು ಸಾರ್ವಜನಿಕರಿಗೆ ಕಣೇ. ನಿನಗಲ್ಲ. ಈಗ ಮತ್ತೆ ತೊಳಿ."

ಅವಳು ಮತ್ತೆ ತೊಳೆದಳು. ಅವನು ನಿಂತು ನೋಡಿದ. ಆಮೇಲೆ ತಾನು ಒಳಗೆ ಹೋಗಿ, ಬಾಗಿಲು ಹಾಕದೆ ಉಚ್ಚೆ ಹೊಯ್ದು, ನೀರು ಬಿಡದೆ ಹೊರಗೆ ಬಂದ. "ಇದನ್ನೂ," ಎಂದ.

ಆ ದಿನದಿಂದ ಅವಳು ಮೊದಲಿನಂತೆ ಕಾಂಪೌಂಡಿನ ಹಿಂದಿನ ಪೊದೆಗೇ ಹೋದಳು.

ಸಾಹೇಬ ಓಣಿಗೂ ಬಂದ. ಜನರ ಜೊತೆ ಬೆರೆಯುವ ಕಾರ್ಯಕ್ರಮ ಅದು. ಠಾಣೆಯವರೇ ಪ್ಲಾಸ್ಟಿಕ್ ಕುರ್ಚಿ ತಂದರು, ತಾವೇ ಕೂತರು. ಓಣಿಯವರು ನಿಂತರು. ಮೂಲೆಮನೆಯವಳು ಪಾಪ, ಒಳ್ಳೆ ಲೋಟ ಹುಡುಕಿ ಚಹಾ ಮಾಡಿ ತಂದಳು. ಸಾಹೇಬ ಕೈಮುಗಿದು "ಈಗಷ್ಟೇ ಆಯ್ತಮ್ಮ" ಎಂದ. ಜೀಪಿನಿಂದ ಫ್ಲಾಸ್ಕು ಬಂತು, ಬಾಟಲಿ ನೀರು ಬಂತು. ಎಲ್ಲರೂ ಅದನ್ನೇ ಕುಡಿದರು. ಲೋಟದ ಚಹಾ ಕುರ್ಚಿಯ ಕಾಲ ಬಳಿ ಆರಿತು. ಅದರೊಳಗೆ ನೊಣ ಬಿತ್ತು. ಫೋಟೋದವನು ಬಂದಾಗ ಸಾಹೇಬ ಸಾಣೆಯವನ ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಕೆನ್ನೆಗೆ ಕೆನ್ನೆ ತಾಗಿಸಿದ. ಫೋಟೋ ಆದಮೇಲೆ ಇಳಿಸಿದ. ಪಕ್ಕದವನು ಒಂದು ಸೀಸೆ ಒತ್ತಿ ಅವನ ಅಂಗೈಗೆ ಏನೋ ಸುರಿದ. ಸಾಹೇಬ ಕೈ ಉಜ್ಜಿಕೊಂಡ, ಕೆನ್ನೆಯನ್ನೂ ಒರೆಸಿಕೊಂಡ. ಮಗಳು ಅದನ್ನು ಆಟ ಎಂದುಕೊಂಡು ತಾನೂ ಕೈ ಉಜ್ಜಿದಳು.

ಇವಳು ಮಗಳನ್ನು ಒಳಗೆ ಎಳೆದುಕೊಂಡು ಹೋಗಿ ಮುಖ ತೊಳೆದಳು. ಸೋಪು ಹಾಕಿ, ಕೆನ್ನೆ ಕೆಂಪಾಗುವವರೆಗೆ.

ಆ ಭೇಟಿಯಲ್ಲೇ ಸಾಹೇಬನ ಕಣ್ಣು ಸಾಣೆಯವನ ಮೇಲೆ ಬಿದ್ದದ್ದು. ವರ್ಷ ತುಂಬುವ ಹೊತ್ತಿಗೆ ದೊಡ್ಡ ಸಮಾರಂಭ ಮಾಡಬೇಕಿತ್ತು. ಮೇಲಧಿಕಾರಿ ಬರುವವರಿದ್ದರು. ಸಾಹೇಬ ಇವಳನ್ನು ಕೋಣೆಗೆ ಕರೆಸಿದ.

"ನಿನ್ನ ಗಂಡನಿಗೆ ಕಿವಿ ಕೇಳಲ್ಲ ಅಲ್ವೇನಮ್ಮ? ನಾವು ಇಲಾಖೆಯಿಂದ ಮಿಷನ್ ಕೊಡಿಸ್ತೀವಿ. ಒಳ್ಳೇದು. ಸಮಾರಂಭದಲ್ಲಿ ಕರ್ಕೊಂಡು ಬಾ. ಸ್ನಾನ ಮಾಡಿಸಿ, ಒಗೆದ ಅಂಗಿ ಹಾಕಿಸು."

"ಅವರ ಕಿವಿ ಹೋಗಿದ್ದು ಇಲ್ಲೇ ಸ್ವಾಮಿ," ಎಂದಳು ಅವಳು.

ಸಾಹೇಬ ಕಿಟಕಿಯ ಕಡೆ ನೋಡಿದ. "ನಾನು ಬರೋ ಮುಂಚೆ ಏನೇನೋ ಆಗಿರಬಹುದು. ಹಳೇದನ್ನ ಕೆದಕಿದರೆ ಯಾರಿಗೂ ಲಾಭ ಇಲ್ಲ. ಮುಂದೆ ನೋಡೋಣ, ಏನು?"

ಮನೆಗೆ ಬಂದು ಗಂಡನಿಗೆ ಕೈಯಲ್ಲಿ, ತುಟಿಯಲ್ಲಿ ತಿಳಿಸಿದಳು. ಬೇಡ ಎಂದು ತಲೆಯಾಡಿಸಿಯೂ ತೋರಿಸಿದಳು. ಅವನು ಚಾಕು ಕೆಳಗಿಟ್ಟ.

"ಬೇಕು," ಎಂದ. ಓಣಿಗೆಲ್ಲ ಕೇಳುವಂತೆ ಎಂದ. "ನಂಗೆ ಬೇಕು ಕಣೇ. ನಮ್ಮ ಪಾಪೂ ದನಿ ಹೇಗಿದೆ ಅಂತ ನಂಗೊತ್ತಿಲ್ಲ. ನಿನ್ನ ಥರ ಇದೆಯಾ? ನಮ್ಮವ್ವನ ಥರ ಇದೆಯಾ? ಯಾರು ಕೊಟ್ಟರೇನು? ಕೊಡಲಿ ಬಿಡು. ಕಿತ್ತುಕೊಂಡಿದ್ದು ವಾಪಸ್ ಕೊಡ್ತಿದಾರೆ ಅಂದ್ಕೋ."

ಅವಳ ಎರಡೂ ಕಿವಿ ನೆಟ್ಟಗಿದ್ದವು. ಮಗಳು ಬೆಳಗಿನಿಂದ ಸಂಜೆಯವರೆಗೆ ವಟಗುಟ್ಟುವುದೆಲ್ಲ ಅವಳೊಬ್ಬಳ ಪಾಲಾಗಿತ್ತು. ಬೇಡ ಎನ್ನಲು ತಾನು ಯಾರು ಎನಿಸಿತು. ಒಗೆದ ಅಂಗಿ ತೆಗೆದಿಟ್ಟಳು.

ಸಮಾರಂಭದ ದಿನ ಅಂಗಳಕ್ಕೆ ಬಿಳಿ ಬಟ್ಟೆಯ ಡೇರೆ ಹಾಕಿದ್ದರು. ಮಗಳನ್ನು ಮೂಲೆಮನೆಯಲ್ಲಿ ಬಿಟ್ಟು ಇಬ್ಬರೂ ಬಂದರು. ಗಂಡನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವಳು ಪಕ್ಕ ಕೂರಲು ಹೋದಾಗ ಪೇದೆ ತಡೆದ. "ನೀನು ಹಿಂದೆ ಇರು. ಕಕ್ಕಸು ಕಟ್ಟಿಕೊಂಡಿದೆ, ದೊಡ್ಡವರು ಬರೋದ್ರೊಳಗೆ ನೋಡು."

ಅವಳು ಹೋದಳು. ಹೆಂಗಸರ ಹೊಸ ಕಕ್ಕಸು ತುಂಬಿ ಟೈಲ್ಸ್ ಮೇಲೆ ಹರಿದಿತ್ತು. ಕೋಲು ಹಾಕಿದಳು, ಆಗಲಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮೊಣಕೈವರೆಗೆ ಇಳಿಸಿದಳು. ಚೀಲ ಹರಿಯಿತು. ಒಳಗೆ ಸಿಕ್ಕಿದ್ದು ಒಂದು ಬಟ್ಟೆಯ ಉಂಡೆ. ಎಳೆದು ತೆಗೆದಾಗ ಗೊಳಕ್ಕನೆ ನೀರು ಇಳಿಯಿತು. ಮೈಕಿನಲ್ಲಿ ಆಗಲೇ ಭಾಷಣ ಶುರುವಾಗಿತ್ತು. ನಂಬಿಕೆ ಎಂದರು. ಸೇತುವೆ ಎಂದರು. ಕುಟುಂಬ ಎಂದರು. ಅವಳು ಕೈ ತೊಳೆದಳು, ಮತ್ತೆ ತೊಳೆದಳು. ವಾಸನೆ ಹೋಗಲಿಲ್ಲ. ಬಕೆಟ್ಟು ಹಿಡಿದು ವೇದಿಕೆಯ ಪಕ್ಕಕ್ಕೆ ಬಂದು ನಿಂತಳು.

"ಈಗ ಒಂದು ಭಾವುಕ ಕ್ಷಣ," ಎಂದಿತು ಮೈಕು. "ಚಿಕ್ಕಂದಿನ ಕಾಯಿಲೆಯಿಂದ ಕಿವಿ ಕಳೆದುಕೊಂಡ ನಮ್ಮ ಬಡ ಸಹೋದರನಿಗೆ ಇಲಾಖೆಯ ಪ್ರೀತಿಯ ಕಾಣಿಕೆ. ಅದನ್ನು ತೊಡಿಸುವವರು, ಈ ವರ್ಷದ ಜನಮಿತ್ರ ಪದಕ ಪಡೆದ ನಮ್ಮ ಹೆಡ್ ಕಾನ್ಸ್‌ಟೇಬಲ್!"

ಚಿಕ್ಕಂದಿನ ಕಾಯಿಲೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರನ್ನೋ ಕರೆದರು ಎಂದುಕೊಂಡಳು.

ಗಂಡ ವೇದಿಕೆ ಹತ್ತಿದ. ಅವನಿಗೆ ಒಂದಕ್ಷರವೂ ಕೇಳಿರಲಿಲ್ಲ. ಸಾಹೇಬ ನಗುತ್ತಿದ್ದ, ಇವನೂ ನಕ್ಕ. ಆಗ ಹಿಂದಿನಿಂದ ಅಗಲಗೈ ಬಂದ. ಎದೆಯ ಮೇಲೆ ಪದಕ ತೂಗುತ್ತಿತ್ತು. ಡಬ್ಬಿಯಿಂದ ಮಿಷನ್ ತೆಗೆದ. ಆ ಅಂಗೈ ಮೇಲೆದ್ದು ಕಿವಿಯ ಕಡೆ ಬಂತು.

ಸಾಣೆಯವನ ಮೈ ತಾನಾಗಿಯೇ ಕುಗ್ಗಿತು. ಮೊಣಕಾಲು ಮಡಚಿದವು. ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡ. "ನಾನಲ್ಲ ಸ್ವಾಮಿ!" ಎಂದು ಕೂಗಿದ. "ನಾನಲ್ಲ ಸ್ವಾಮಿ, ನಾನಲ್ಲ ಸ್ವಾಮಿ!"

ಮುಂದಿನ ಸಾಲಿನವರು ನಕ್ಕರು.

"ಹೆದರ್ಬೇಡಪ್ಪ, ಮಿಷನ್ ಕಚ್ಚಲ್ಲ," ಎಂದಿತು ಮೈಕು. ಈಗ ಇಡೀ ಡೇರೆ ನಕ್ಕಿತು. ಅಗಲಗೈಯೂ ನಗುತ್ತ, ಅವನ ಮಣಿಕಟ್ಟು ಹಿಡಿದು ತಿರುಚಿ, ಕಿವಿಯಿಂದ ಬಿಡಿಸಿ, ಮಿಷನ್ ತುರುಕಿದ. ಅದು ಗುಯ್ ಎಂದಿತು. "ಸಾರ್, ಹಾಗೇ ಇರಿ. ಕೈ ಕಿವಿ ಮೇಲೇ ಇರಲಿ. ಸ್ವಲ್ಪ ಈ ಕಡೆ ನೋಡಿ," ಎಂದ ಫೋಟೋದವನು. ಸಾಣೆಯವನ ಪ್ಯಾಂಟಿನ ಮುಂದೆ ಒದ್ದೆ ಹರಡಿತ್ತು. ಯಾರೋ ಅದನ್ನೂ ತೋರಿಸಿ ನಕ್ಕರು.

ಅವಳು ಬಕೆಟ್ಟು ಇಟ್ಟದ್ದು ಯಾವಾಗ, ಮೆಟ್ಟಿಲು ಹತ್ತಿದ್ದು ಯಾವಾಗ, ಅವಳಿಗೇ ಗೊತ್ತಿಲ್ಲ.

"ಕೈ ತೆಗಿಯೋ," ಎಂದಳು.

ಇಷ್ಟು ವರ್ಷ ಅವನನ್ನು ಸ್ವಾಮಿ ಎಂದವಳು. ನಗು ಅರ್ಧಕ್ಕೇ ನಿಂತಿತು. ಅಗಲಗೈ ಬಾಯಿ ತೆರೆದ. ಅವಳು ಆ ಅಂಗೈಯನ್ನು ಹಿಡಿದು ಗಂಡನ ಮುಖದಿಂದ ಕಿತ್ತು ಬಿಸಾಡಿದಳು. ಅವಳ ಕೈಯ ನಾತಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಏನಮ್ಮ ಇದು? ದೊಡ್ಡವರಿದಾರೆ," ಎಂದ ಸಾಹೇಬ, ಹಲ್ಲು ಕಾಣುವಂತೆ ನಗುತ್ತಲೇ.

"ಕಾಯಿಲೆ ಅಂದ್ರಲ್ಲ. ಯಾವ ಕಾಯಿಲೆ? ಆ ಕಾಯಿಲೆ ಇಲ್ಲೇ ನಿಂತಿದೆ ನೋಡಿ. ಬೆಲ್ಟು ಕಟ್ಕೊಂಡು, ಪದಕ ಹಾಕ್ಕೊಂಡು ನಿಂತಿದೆ."

"ನಿನ್ನ ಗಂಡನಿಗೆ ಒಳ್ಳೇದು ಮಾಡ್ತಿದೀವಿ..."

"ಒಳ್ಳೇದು ಆಮೇಲೆ ಮಾಡಿ. ಮೊದಲು ಹೇಳಿ, ಇವರ ಕಿವಿಗೆ ಯಾರು ಹೊಡೆದಿದ್ದು? ಆ ಮೈಕಲ್ಲಿ ಹೇಳಿ. ಹೇಳಿದ ಮೇಲೆ ನಾನೇ ತೊಡಿಸ್ತೀನಿ. ಕೈಮುಗಿದು ತಗೊಂಡು ಹೋಗ್ತೀನಿ."

ಸಾಹೇಬ ಮೈಕನ್ನು ಅಂಗೈಯಲ್ಲಿ ಮುಚ್ಚಿದ. ಮೇಲಧಿಕಾರಿ ಗಡಿಯಾರ ನೋಡಿಕೊಂಡ.

ಅವಳು ಗಂಡನ ಕಡೆ ತಿರುಗಿದಳು. ಹಣೆ ಮುಟ್ಟಿ, ಕಿವಿ ಮುಟ್ಟಿ, ಎಳೆಮಗುವಿನ ಎತ್ತರ ತೋರಿಸಿ, ಅವರು ಹೇಳಿದ್ದೇನು ಎಂದು ತಿಳಿಸಿದಳು. ಮಿಷನ್ ಇನ್ನೂ ಅವನ ಕಿವಿಯಲ್ಲೇ ಇತ್ತು. ಅವನು ಅವಳನ್ನು ನೋಡಿದ, ಸಾಹೇಬನನ್ನು ನೋಡಿದ. ತನ್ನ ಒದ್ದೆಯಾದ ಪ್ಯಾಂಟನ್ನು ನೋಡಿಕೊಂಡ. ನಿಧಾನಕ್ಕೆ ಕೈ ಎತ್ತಿ ಮಿಷನ್ ಕಿತ್ತ. ಮೇಜಿನ ಮೇಲೆ, ಹೂಗುಚ್ಛದ ಪಕ್ಕ ಇಟ್ಟ.

"ಬೇಡ," ಎಂದ. ಅವನಿಗೆ ಮೈಕು ಬೇಕಿರಲಿಲ್ಲ. "ಇವನೇ ಹೊಡೆದವನು. ಬೇಡ."

ಇಬ್ಬರೂ ಇಳಿದು ಡೇರೆಯ ನಡುವಿನಿಂದಲೇ ನಡೆದು ಹೋದರು. ಓಣಿ ಹತ್ತಿರ ಬಂದಾಗ ಅವನು ಹೇಳಿದ: "ಕೇಳಿಸ್ತು ಕಣೇ. ಮಿಷನ್ ಹಾಕಿದ ತಕ್ಷಣ ಕೇಳಿಸ್ತು."

ಏನು ಎಂದು ಅವಳು ಕೈಯಲ್ಲಿ ಕೇಳಿದಳು.

"ನಗೋದು. ಎಲ್ಲರೂ ನಗೋದು ಕೇಳಿಸ್ತು. ಆಮೇಲೆ ನಿನ್ನ ದನಿ." ಕಿವಿ ಮುಟ್ಟಿಕೊಂಡು ಎಂದ: "ಪಾಪೂನ ಕರ್ಕೊಂಡು ಬರಬೇಕಿತ್ತು. ಒಂದ್ಸಲ ಕೇಳಿ ತೆಗೆದಿಡ್ತಿದ್ದೆ."

ಅವಳು ರಸ್ತೆಯ ಪಕ್ಕ ಕೂತುಬಿಟ್ಟಳು. ಅಳು ಬರಲಿಲ್ಲ. ವಾಂತಿ ಬಂತು.

ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಕಿವಿಯ ಮೇಲೆ ಅಗಲಗೈಯ ಕೈ. ಸಾಣೆಯವನ ಬಾಯಿ ತೆರೆದಿತ್ತು. ಕೂಗುತ್ತಿದ್ದವನು ಫೋಟೋದಲ್ಲಿ ನಗುವವನಂತೆ ಕಾಣುತ್ತಿದ್ದ. ಕೆಳಗೆ 'ಸ್ನೇಹದ ಸ್ಪರ್ಶ' ಎಂದು ಬರೆದಿತ್ತು. ಕೆಲಸ ಕೊಡಿಸಿದ್ದ ಮೇಸ್ತ್ರಿ ಬಂದು ಇನ್ನು ಠಾಣೆಗೆ ಬರುವುದು ಬೇಡ ಎಂದ. ಅವಳು ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿಕೊಂಡಳು.

ಠಾಣೆಯ ಕೆಲಸಕ್ಕೆ ಮೂಲೆಮನೆಯವಳು ಹೋದಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ಬೈಬೇಡ ಅಕ್ಕ," ಎಂದಳು.

"ಯಾಕೆ ಬೈಲಿ? ಕೈಗೆ ಎಣ್ಣೆ ಹಚ್ಕೊಂಡು ಆಸಿಡ್ ಮುಟ್ಟು. ಅಗಲಗೈ ಹಿಂದೆ ಬಂದು ನಿಂತ್ರೆ ಪೊರಕೆ ಕೆಳಗಿಡಬೇಡ," ಎಂದಳು ಇವಳು.

ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಮೂಲೆಮನೆಯವಳು ಒದ್ದೆ ಸೆರಗಿನಲ್ಲೇ ಓಡಿ ಬಂದಳು. ಅದೇ ಓಣಿಯ ಬಾಳೆಹಣ್ಣಿನ ಗಾಡಿಯವನು ಠಾಣೆಯ ಎದುರು ಗಾಡಿ ನಿಲ್ಲಿಸಿದ್ದನಂತೆ. ಹೊಸ ಠಾಣೆಯ ಅಂದ ಕೆಡುತ್ತದೆ, ತೆಗಿ ಎಂದರಂತೆ. ಇಷ್ಟು ವರ್ಷ ಇಲ್ಲೇ ನಿಂತಿದ್ದೀನಿ ಎಂದನಂತೆ.

"ಒಳಗೆ ಹಾಕಿದಾರೆ ಅಕ್ಕ. ಅಗಲಗೈ ಈಗಷ್ಟೇ ತೋಳು ಮಡಚ್ಕೊಂಡು ಒಳಗೆ ಹೋದ. ಕಬ್ಬಿಣದ ಬಾಗಿಲು ಹಾಕ್ಕೊಂಡಿದಾನೆ."

ಇವಳು ಚಪ್ಪಲಿ ಹುಡುಕಲಿಲ್ಲ. ಗಂಡನ ತೋಳು ಹಿಡಿದು ಎಬ್ಬಿಸಿದಳು. ಓಣಿಯಲ್ಲಿ ಮನೆ ಮನೆಯ ಬಾಗಿಲು ಬಡಿದಳು. "ಬನ್ನಿ," ಎಂದಳು, ಅಷ್ಟೇ. ಕೆಲವರು ಬಂದರು. ಕೆಲವರು ಬಾಗಿಲು ಮುಚ್ಚಿಕೊಂಡರು. ಗಾಡಿಯವನ ತಾಯಿ ಎಲ್ಲರಿಗಿಂತ ಮುಂದೆ ಓಡಿದಳು.

ಗಾಜಿನ ಬಾಗಿಲಲ್ಲಿ ಪೇದೆ ಅಡ್ಡ ಬಂದ. "ದೂರಿದ್ರೆ ಸೋಫಾದ ಮೇಲೆ ಕೂತ್ಕೊಳ್ಳಿ."

ಇವಳು ಅವನನ್ನು ಬಳಸಿಕೊಂಡು ಒಳಗೆ ಹೋದಳು. ಮಣ್ಣಿನ ಕಾಲಲ್ಲೇ ಹೋದಳು. ದಾರಿ ಯಾರನ್ನೂ ಕೇಳಬೇಕಿರಲಿಲ್ಲ. ಕಬ್ಬಿಣದ ಬಾಗಿಲಿಗೆ ಅಂಗೈಯಲ್ಲಿ ಬಡಿದಳು. ಗಾಡಿಯವನ ತಾಯಿ ಬಡಿದಳು. ಮೂಲೆಮನೆಯವಳು ಹೊರಗೇ ನಿಂತಿದ್ದಳು. ಅವಳ ಕೆಲಸ ಅವಳಿಗೆ ಬೇಕಿತ್ತು. ಆಮೇಲೆ ಅವಳೂ ಬಂದು ಪೊರಕೆಯ ಹಿಡಿಯಿಂದ ಬಡಿದಳು. ಬಾಗಿಲು ಗಂಟೆಯಂತೆ ಮೊಳಗಿತು. ಸಾಣೆಯವನು ತನ್ನ ದನಿಯಲ್ಲಿ "ತೆಗೀರಿ! ತೆಗೀರಿ!" ಎನ್ನುತ್ತಲೇ ಇದ್ದ. ರಸ್ತೆಯಲ್ಲಿ ಹೋಗುವವರು ನಿಂತರು. ಗಾಜಿನಾಚೆ ಮುಖಗಳು ಸೇರಿದವು. ಕೆಲವರು ಫೋನು ಎತ್ತಿ ಹಿಡಿದರು.

ಸಾಹೇಬ ಕೋಣೆಯಿಂದ ಬಂದ. ಈ ಸಲ ನಗು ಇರಲಿಲ್ಲ. "ಎಲ್ಲರನ್ನೂ ಒಳಗೆ ಹಾಕಿಸ್ತೀನಿ."

"ಹಾಕಿ," ಎಂದಳು. "ಜಾಗ ಇದೆ. ನಾನೇ ತೊಳೆದಿದ್ದು."

ಅವನು ಗಾಜಿನಾಚೆಯ ಮುಖಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಅಷ್ಟೂ ಹೊತ್ತು ಬಡಿತ ನಿಲ್ಲಲಿಲ್ಲ. ಕೊನೆಗೆ, "ತೆಗೀರಿ ಅದನ್ನ," ಎಂದ.

ಗಾಡಿಯವನು ಹೊರಬಂದ. ತುಟಿ ಹರಿದಿತ್ತು. ಎಡಗೆನ್ನೆಯ ಮೇಲೆ ಬೆರಳುಗಳು ಬಿಡಿಬಿಡಿಯಾಗಿ ಮೂಡಿದ್ದವು. ಅವನ ಹಿಂದೆ ಅಗಲಗೈ ಟವೆಲಿನಲ್ಲಿ ಅಂಗೈ ಒರೆಸಿಕೊಳ್ಳುತ್ತ ಬಂದ. ಯಾರೂ ಅವನಿಗೆ ದಾರಿ ಬಿಡಲಿಲ್ಲ. ತಾಯಿ ಮಗನ ಮೈಯೆಲ್ಲ ತಡವುತ್ತಿದ್ದಳು. ಇವಳು ಅವಳನ್ನು ಸರಿಸಿ ಗಾಡಿಯವನ ಹಿಂದೆ ಹೋಗಿ ನಿಂತಳು. ಎಡಗಡೆಯಿಂದ, ಉಸಿರಿಗಿಂತ ಸ್ವಲ್ಪ ಜೋರಾಗಿ ಕರೆದಳು.

"ತಮ್ಮಾ."

ಅವನು ತಿರುಗಿದ.

ಬಲಗಡೆಗೆ ಬಂದು ಇನ್ನೂ ಮೆಲ್ಲಗೆ ಕರೆದಳು. ಅವನು ಈ ಕಡೆಗೂ ತಿರುಗಿದ. "ಏನಕ್ಕಾ?" ಎಂದ.

ಸಾಣೆಯವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. "ಕೇಳಿಸ್ತಂತಾ ಅವನಿಗೆ?" ಎಂದು ಇಡೀ ಠಾಣೆಗೆ ಕೇಳುವಂತೆ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.